ನಾಲ್ಕು ಗಂಟೆಯ ಮೈದಾನ

ಯೋಜನಾ ಕಚೇರಿಗೆ ಹೊಸಬರು ಯಾರೇ ಸೇರಲಿ, ಮೊದಲ ವಾರದಲ್ಲೇ ಅವರಿಗೊಂದು ಪರೀಕ್ಷೆ ಇರುತ್ತಿತ್ತು. ಹಳೇ ಬೀರುವಿನಿಂದ ಒಂದು ಟ್ರೇಸಿಂಗ್ ಹಾಳೆ ತೆಗೆದು ಕೈಗೆ ಕೊಟ್ಟು, "ಕಿಟಕಿ ಹತ್ರ ಹಿಡಿದು ನೋಡಿ, ಬ್ಲೇಡಿನ ಗುರುತು ಎಲ್ಲಿದೆ ಹೇಳಿ," ಅನ್ನುತ್ತಿದ್ದರು. ಒಂದು ಕಾಲದಲ್ಲಿ ನಕ್ಷೆಗಳನ್ನೆಲ್ಲ ಇಂಕಿನಲ್ಲೇ ಬರೆಯುತ್ತಿದ್ದರು. ಗೆರೆ ತಪ್ಪಿದರೆ ಗಡ್ಡ ಬೋಳಿಸುವ ಬ್ಲೇಡಿನಿಂದ ಮೆಲ್ಲಗೆ ಹೆರೆದು ತೆಗೆಯಬೇಕಿತ್ತು. ಎಷ್ಟೇ ನಾಜೂಕಾಗಿ ಹೆರೆದರೂ ಬೆಳಕಿಗೆ ಹಿಡಿದಾಗ ಆ ಜಾಗ ಮಸುಕಾಗಿ ಕಂಡೇ ಕಾಣುತ್ತದೆ. ಹೊಸಬರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, ಕಣ್ಣು ಕಿರಿದು ಮಾಡಿ ಹುಡುಕಿ, ಕೊನೆಗೆ ಸೋತು "ಎಲ್ಲೂ ಇಲ್ಲವಲ್ಲ," ಅನ್ನುತ್ತಿದ್ದರು. ಆಗ ಎಲ್ಲರೂ ಮೂಲೆಯ ಮೇಜಿನ ಕಡೆ ನೋಡುತ್ತಿದ್ದರು. ಹಾಳೆ ಬರೆದಿದ್ದ ಆ ಮೇಜಿನವಳು ಏನೂ ಕೇಳಿಸದವಳ ಹಾಗೆ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಳು. ಕೇಳಿಸುತ್ತಿತ್ತು, ಚೆನ್ನಾಗಿಯೇ ಕೇಳಿಸುತ್ತಿತ್ತು.

ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಹೆಸರಿತ್ತು. ಬಾಯಲ್ಲಿ ಮಾತ್ರ ಎಲ್ಲರಿಗೂ ನಕ್ಷೆ ಅಕ್ಕ. ಇಪ್ಪತ್ತೈದನೇ ವಯಸ್ಸಿಗೆ ನಕ್ಷೆ ನಕಲು ತೆಗೆಯುವ ಟ್ರೇಸರ್ ಆಗಿ ಸೇರಿದವಳಿಗೆ ಈಗ ನಿವೃತ್ತಿಗೆ ಐದೇ ತಿಂಗಳು. ನಡುವೆ ಕಂಪ್ಯೂಟರ್ ಬಂತು, ಇಂಕಿನ ಬಾಟಲಿಗಳು ಒಣಗಿ ಕಸದ ಬುಟ್ಟಿ ಸೇರಿದವು. ಅಕ್ಕ ಅದಕ್ಕೇನೂ ಮುಖ ಗಂಟಿಕ್ಕದೆ ಮೌಸ್ ಹಿಡಿಯುವುದನ್ನು ಕಲಿತಳು. ಆದರೆ ಮೇಜಿನ ಖಾನೆಯಲ್ಲಿ ಪೆನ್ನು ಒರೆಸುವ ಬಟ್ಟೆಯನ್ನು ಹಾಗೇ ಉಳಿಸಿಕೊಂಡಳು. ಒಂದಾನೊಂದು ಕಾಲಕ್ಕೆ ಬಿಳಿಯಾಗಿದ್ದ ಆ ಕರವಸ್ತ್ರದಷ್ಟು ಬಟ್ಟೆಯಲ್ಲಿ ಈಗ ಊರಿನ ಎಲ್ಲ ಬಣ್ಣವೂ ಇತ್ತು: ಮನೆಗಳ ಹಳದಿ, ಅಂಗಡಿಗಳ ನೀಲಿ, ಕಾರ್ಖಾನೆಗಳ ನೇರಳೆ, ಶಾಲೆ ಆಸ್ಪತ್ರೆಗಳ ಕೆಂಪು, ಉದ್ಯಾನಗಳ ಹಸಿರು. ಯಾವ ಜಾಗ ಯಾವುದಕ್ಕೆ ಅನ್ನುವುದನ್ನು ನಕ್ಷೆಯಲ್ಲಿ ಬಣ್ಣವೇ ಹೇಳಬೇಕು. ಏನೂ ಇಲ್ಲದ ಜಾಗವನ್ನು ಬಿಳಿ ಬಿಡುತ್ತಾರೆ. ಬಿಳಿ ಅಂದರೆ ನಾಳೆ ಅಲ್ಲಿ ಏನನ್ನು ಬೇಕಾದರೂ ತರಬಹುದು ಎಂದರ್ಥ.

ಹತ್ತು ವರ್ಷಕ್ಕೊಮ್ಮೆ ಊರಿನ ಯೋಜನೆ ಹೊಸದಾಗುತ್ತದೆ. ಅದಕ್ಕೆ ಮೊದಲು ಯಾರಾದರೂ ಬೀದಿ ಬೀದಿ ತಿರುಗಿ, ಪ್ರತಿ ತುಂಡು ನೆಲವನ್ನೂ ಕಣ್ಣಾರೆ ನೋಡಿ, ಅಲ್ಲೇನಿದೆ ಎಂದು ಬರೆದುಕೊಂಡು ಬರಬೇಕು. ಕಳೆದ ಮೂರು ಸಲವೂ ಆಸ್ಪತ್ರೆಯ ಸುತ್ತಮುತ್ತಲಿನ ಬೀದಿಗಳು ಅಕ್ಕನ ಪಾಲಿಗೇ ಬಂದಿದ್ದವು. ಪೆನ್ಸಿಲ್ ಮುಟ್ಟುತ್ತಿರಲಿಲ್ಲ, ಸರ್ವೆ ಪುಸ್ತಕದಲ್ಲೂ ಇಂಕೇ. "ಅಳಿಸೋ ಯೋಚನೆ ಇಟ್ಕೊಂಡು ಬರೆದ್ರೆ ಕಣ್ಣು ಸೋಮಾರಿಯಾಗುತ್ತೆ," ಅನ್ನುವುದು ಅವಳ ಮಾತು. ಮಾತೇನೋ ಸರಿ. ಆದರೆ ಮೂರೂವರೆಯವರೆಗೆ ಮೇಜಿನ ಕೆಲಸ, ಆಮೇಲೆ ಬೀದಿ ಅಲೆತ, ಇದು ಅವಳ ಪದ್ಧತಿ. ಬಿಸಿಲು ಇಳಿದಿರುತ್ತದೆ, ಕಾಲು ಸುಡುವುದಿಲ್ಲ. ಈ ಪದ್ಧತಿಯಲ್ಲೊಂದು ಐಬಿದೆ ಎಂದು ಅವಳಿಗೂ ಹೊಳೆಯಲಿಲ್ಲ, ಅವಳ ಮೇಲಿನವರಿಗೂ ಹೊಳೆಯಲಿಲ್ಲ. ಅವರಿಗೆ ಹೊಳೆಯುವುದಾದರೂ ಹೇಗೆ? ಅವರು ಬೀದಿಗಿಳಿದಿದ್ದನ್ನು ಕಂಡವರೇ ಇಲ್ಲ.

ಮನೆಯಲ್ಲಿ ಅಕ್ಕ ಮತ್ತು ಅವಳ ಅತ್ತೆ. ಗಂಡ ಲಾರಿ ಓಡಿಸುವವನು, ವಾರಕ್ಕೆರಡು ದಿನ ಬಂದು ಹೋಗುವ ನೆಂಟ. ಅತ್ತೆಗೆ ಎಂಬತ್ತೆರಡು, ಕಾಲು ಸೋತಿದೆ, ನಾಲಿಗೆ ಸೋತಿಲ್ಲ. ಶನಿವಾರ ಬೆಳಗ್ಗೆ ಏಳಕ್ಕೆ ಒಗೆದ ಬಟ್ಟೆಯ ಗಂಟು ಹೊತ್ತು ಹಗ್ಗದಜ್ಜಿ ಬರುವುದೇ ಅವರಿಗೆ ದೊಡ್ಡ ಸಂಭ್ರಮ. ಆಸ್ಪತ್ರೆಯ ಹಿಂದಿನ ಮೈದಾನದಲ್ಲಿ ಬಟ್ಟೆ ಒಣಹಾಕುವ ಹದಿನೆಂಟು ಮನೆಯವರಿಗೆ ಈ ಅಜ್ಜಿಯೇ ಹಿರಿಯಳು. ಅಲ್ಲಿನ ಹಗ್ಗಗಳನ್ನು ಹೊಸೆಯುವುದು ಅವಳ ಕೈಯಲ್ಲೇ ಆಗಬೇಕು, ಅದಕ್ಕೇ ಆ ಹೆಸರು. ಗಂಜಿ ಹೆಚ್ಚಾಯಿತು, ಇಲ್ಲ ಕಡಿಮೆಯಾಯಿತು ಎಂದು ಮುದುಕಿಯರಿಬ್ಬರೂ ಅರ್ಧ ಗಂಟೆ ಜಗಳವಾಡಿ, ಆಮೇಲೆ ಒಂದು ಲೋಟ ಚಹಾವನ್ನು ಎರಡು ಮಾಡಿಕೊಂಡು ಕುಡಿಯುತ್ತಿದ್ದರು.

ಆ ಶನಿವಾರ ಅಜ್ಜಿ ಜಗಳಕ್ಕೇ ನಿಲ್ಲಲಿಲ್ಲ. ಗಂಟು ಇಳಿಸಿದವಳೇ ಅಡುಗೆಮನೆ ಬಾಗಿಲಿಗೆ ಬಂದಳು.

"ಅಕ್ಕಾ, ನಮ್ಮ ಮೈದಾನದಲ್ಲಿ ಯಾರೋ ಕೆಂಪು ಗೂಟ ಹೊಡ್ಕೊಂಡು ಹೋಗಿದಾರೆ. ಕೇಳಿದ್ರೆ, ಕಾರು ನಿಲ್ಸೋಕೆ ಐದು ಮಹಡಿ ಕಟ್ಟಡ ಬರುತ್ತೆ ಅಂದ್ರು. ಅದು ಖಾಲಿ ಜಾಗ ಅಂತ ನಕ್ಷೇಲೇ ಇದೆಯಂತೆ. ನಿಮ್ಮ ಆಫೀಸಿಂದೇ ಅಲ್ವಾ ಆ ನಕ್ಷೆ?"

"ಹೌದು," ಅಂದಳು ಅಕ್ಕ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಅವಳಿಗೆ ಕಾಣಿಸಲಿಲ್ಲ.

"ನಮ್ಮಜ್ಜಿ ಕಾಲದಿಂದ ನಾವಲ್ಲಿ ಒಣಹಾಕ್ತಾ ಇದೀವಿ. ಖಾಲಿ ಅಂತ ಬರೆದೋರಿಗೆ ಕಣ್ಣಿತ್ತಾ, ಇಲ್ವಾ?"

ಅಕ್ಕ ಒಲೆ ಆರಿಸಿ ಹೊರಟೇಬಿಟ್ಟಳು. ಅಂದು ರಜೆ, ಆದರೂ ಬೀಗದ ಕೈ ಇದ್ದ ಕಾವಲುಗಾರನನ್ನು ಹುಡುಕಿಸಿ, ಕಚೇರಿ ತೆಗೆಸಿ, ಬೀರುವಿನಿಂದ ಮೂರೂ ಸರ್ವೆ ಪುಸ್ತಕಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಹೊಸ ಪುಸ್ತಕದಲ್ಲಿ ಅವಳದೇ ದುಂಡು ಅಕ್ಷರ: "ಆಸ್ಪತ್ರೆ ಹಿಂಭಾಗ. ಸಮತಟ್ಟು ಮೈದಾನ. ಬಹಳ ಸ್ವಚ್ಛ. ಬಳಕೆ ಇಲ್ಲ." ಹಿಂದಿನ ಎರಡರಲ್ಲೂ ಹೆಚ್ಚುಕಡಿಮೆ ಅದೇ. ಇಪ್ಪತ್ತು ವರ್ಷದಲ್ಲಿ ಮೂರು ಸಲ ಅದೇ ಮೈದಾನವನ್ನು ನೋಡಿದ್ದಳು, ಮೂರು ಸಲವೂ ಬಿಳಿ ಬಿಟ್ಟಿದ್ದಳು. ತನ್ನ ಮನೆಯ ಹೊದಿಕೆಗಳು ಎಲ್ಲಿ ಒಣಗಿ ಬರುತ್ತವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅಕ್ಕನಿಗೆ ನಾಚಿಕೆಯಾಯಿತು, ಕೂತಲ್ಲೇ ಮೈ ಬಿಸಿಯಾಗುವಷ್ಟು ನಾಚಿಕೆ.

ಸೋಮವಾರ ಒಂದು ದಿನ ರಜೆ ಹಾಕಿ, ಬೆಳಗ್ಗೆ ಹತ್ತು ಗಂಟೆಗೆ ಮೈದಾನಕ್ಕೆ ಹೋದಳು. ಆ ಹೊತ್ತಿನಲ್ಲಿ ಅವಳು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ನೆಲವೇ ಕಾಣುತ್ತಿರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಆಸ್ಪತ್ರೆಯ ಬಿಳಿ ಹಾಸುಗಳು, ಅವುಗಳಾಚೆ ಹೋಟೆಲಿನ ಮೇಜುಬಟ್ಟೆಗಳು, ಕೊನೆಗೆ ಶಾಲಾ ಮಕ್ಕಳ ಸಮವಸ್ತ್ರಗಳು. ಕ್ಲಿಪ್ಪು ಅನ್ನುವುದು ಒಂದೂ ಇಲ್ಲ. ಎರಡು ಎಳೆ ಸೇರಿಸಿ ಹೊಸೆದ ಹಗ್ಗದ ಹೊಸೆತವನ್ನು ಹೆಬ್ಬೆರಳಿನಿಂದ ತುಸು ಬಿಡಿಸಿ, ಬಟ್ಟೆಯ ಮೂಲೆಯನ್ನು ಅದರೊಳಗೆ ಸಿಕ್ಕಿಸಿಬಿಡುತ್ತಿದ್ದರು. ಎಂಥ ಗಾಳಿ ಬಂದರೂ ಹಗ್ಗ ಬಿಟ್ಟುಕೊಡುತ್ತಿರಲಿಲ್ಲ.

ಅಕ್ಕ ಸಂಜೆಯವರೆಗೂ ಅಲ್ಲಿಂದ ಕದಲಲಿಲ್ಲ. ಎರಡು ಗಂಟೆಗೆ ಬಟ್ಟೆಗಳು ಇಳಿದವು. ಇಬ್ಬನಿ ಬಿದ್ದ ಹಗ್ಗ ಮರುದಿನ ಬಿಳಿ ಬಟ್ಟೆಗೆ ಕಲೆ ಹತ್ತಿಸುತ್ತದೆ, ಆದ್ದರಿಂದ ಹಗ್ಗಗಳನ್ನೆಲ್ಲ ಬಿಚ್ಚಿ ಸುತ್ತಿ ಮನೆಗೆ ಒಯ್ದರು. ಕಂಬಗಳನ್ನು ಕಿತ್ತು ಆಸ್ಪತ್ರೆಯ ಕಾಂಪೌಂಡಿನ ಹಿಂದೆ ಒರಗಿಸಿದರು, ಕಂಬದ ಕುಳಿಗಳಿಗೆ ಚಪ್ಪಡಿ ಮುಚ್ಚಿದರು. ಆಮೇಲೆ ಗುಡಿಸಿದರು, ಧೂಳು ಏಳದಿರಲೆಂದು ನೀರು ಚಿಮುಕಿಸಿದರು. ಒಂದು ದಾರದ ಎಳೆ ಬಿದ್ದಿದ್ದರೂ ಅಜ್ಜಿ ಕಿವಿ ಹಿಂಡುತ್ತಿದ್ದಳು. ಮೂರೂವರೆಗೆ ಮೈದಾನ ಬಟ್ಟಬಯಲು. ಅವರ ಅಚ್ಚುಕಟ್ಟೇ ಅವರಿಗೆ ಮುಳುವಾಗಿತ್ತು.

ಅವರು ಕೊನೆಯ ಹಾಸನ್ನು ಮಡಿಸುತ್ತಿದ್ದಾಗಲೇ ಅಕ್ಕ ಅಜ್ಜಿಯ ಬಳಿ ಹೋಗಿ ನಿಂತಿದ್ದಳು. "ಅಜ್ಜಿ, ಖಾಲಿ ಅಂತ ಬರೆದೋಳು ನಾನೇ."

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೈಯುತ್ತಾಳೆ ಎಂದುಕೊಂಡಳು ಅಕ್ಕ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಜ್ಜಿ ಹಾಸಿನ ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟಳು. "ಹಿಡ್ಕೊಳ್ಳಿ. ಜಗ್ಗಿ ಹಿಡೀರಿ, ಸುಕ್ಕು ಹೋಗ್ಲಿ." ಇಬ್ಬರೂ ಮಡಿಸಿದರು. ಮಡಿಸಿಯಾದ ಮೇಲೆ, "ಈಗ ಏನ್ಮಾಡ್ತೀರಿ ಹೇಳಿ," ಅಂದಳು.

"ಆಕ್ಷೇಪಣೆ ಹೇಳೋಕೆ ಮೂವತ್ತು ದಿನ ಸಮಯ ಇದೆ. ಸೂಚನೆ ಹಾಕಿದ್ವಲ್ಲ, ಕಚೇರಿ ಗೋಡೆಗೆ. ನೀವೆಲ್ಲ ಬಂದು ಹೇಳಿ. ಬೆಳಗ್ಗೆ ಹನ್ನೊಂದರಿಂದ ಒಂದು ಗಂಟೆ ತನಕ."

"ಹನ್ನೊಂದಕ್ಕಾ? ಒಳ್ಳೇ ಹೊತ್ತೇ ಹುಡುಕಿದೀರಿ! ಬಟ್ಟೆ ಹಗ್ಗದ ಮೇಲಿರುತ್ತೆ. ಗಾಳಿ ಎದ್ರೆ, ನಾಲ್ಕು ಹನಿ ಬಿದ್ರೆ ಎತ್ಕೊಳ್ಳೋಕೆ ಯಾರು ಓಡ್ತಾರೆ, ನಿಮ್ಮ ಸಾಹೇಬ್ರಾ?"

ಸಾಹೇಬರೆಂದರೆ ಮೂವತ್ತೆರಡು ವರ್ಷದ ಅಧಿಕಾರಿ. ಒಳ್ಳೆಯ ಮನುಷ್ಯ, ಅಕ್ಕನನ್ನು ಕಂಡರೆ ಕುರ್ಚಿಯಿಂದ ಅರ್ಧ ಏಳುವಷ್ಟು ಗೌರವ. ಆದರೆ ಕಾಗದ ಹೇಳಿದ್ದನ್ನು ನಂಬಿ ಬೆಳೆದವರು. ಅವರ ಕೋಣೆಯ ಹೊರಗೆ ಆಕ್ಷೇಪಣೆ ಪೆಟ್ಟಿಗೆ ಇತ್ತು. ಇಪ್ಪತ್ತು ದಿನದಲ್ಲಿ ಅದರೊಳಗೆ ಬಿದ್ದದ್ದು ಒಂದೇ ಚೀಟಿ, ಅದೂ ಕಚೇರಿಯ ಮೆಟ್ಟಿಲ ಮೇಲೆ ಮಲಗುವ ನಾಯಿಯ ಕುರಿತು.

ಮಂಗಳವಾರ ಅಕ್ಕ ಮೈದಾನದ ಮಾತೆತ್ತಿದಾಗ, "ಯಾರೂ ಬಂದಿಲ್ಲ ಅಂದ್ರೆ ಯಾರಿಗೂ ಅಡ್ಡಿ ಇಲ್ಲ ಅಂತ ತಾನೇ ಮೇಡಂ?" ಅಂದರು. ಅಕ್ಕ ಎಲ್ಲವನ್ನೂ ಹೇಳಿದಳು. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಆಮೇಲೆ ದನಿ ತಗ್ಗಿಸಿ, "ಒಂದು ಕೆಲಸ ಮಾಡಿ. ಸರ್ವೆ ಆದ್ಮೇಲೆ ಅಲ್ಲಿ ಬಳಕೆ ಶುರುವಾಗಿದೆ ಅಂತ ಒಂದು ಸಾಲು ಸೇರಿಸಿಬಿಡಿ. ನಿಮ್ಮ ಮೇಲೆ ಏನೂ ಬರಲ್ಲ. ಮೂವತ್ತೈದು ವರ್ಷ ಒಂದು ಗೀಟು ತಪ್ಪದೆ ಕೆಲಸ ಮಾಡಿದೀರಿ, ಹೋಗೋವಾಗ ಯಾಕೆ ಸುಮ್ನೆ..." ಅಂದರು.

ಅಕ್ಕ ಹೂಂಗುಟ್ಟಿ ಹೊರಬಂದಳು. ಮೆಟ್ಟಿಲಿಳಿಯುವಾಗ ಮನಸ್ಸು ಹಗುರಾಗಿದ್ದದ್ದೂ ನಿಜ, ಯಾಕೆ ಮುಚ್ಚಿಡಬೇಕು. ಮೇಜಿನ ಮುಂದೆ ಕೂತು ಪೆನ್ನು ತೆಗೆದ ಮೇಲೆ ಕೈ ಮುಂದಕ್ಕೆ ಹೋಗಲಿಲ್ಲ. ಸರ್ವೆಯ ನಂತರ ಶುರುವಾದ ಬಳಕೆಗೆ ನಿಯಮದಲ್ಲಿ ಬೆಲೆ ಇಲ್ಲ. ಆ ಒಂದು ಸಾಲಿನಿಂದ ಅಜ್ಜಿಯ ಅಜ್ಜಿಯ ಕಾಲದ ಮೈದಾನ, ಮೊನ್ನೆ ಮೊನ್ನೆ ಬಂದು ಅತಿಕ್ರಮಿಸಿದವರ ಮೈದಾನವಾಗಿಬಿಡುತ್ತಿತ್ತು. ಅವಳ ಕೈ ಶುದ್ಧವಾಗಿ ಉಳಿಯುತ್ತಿತ್ತು, ಹದಿನೆಂಟು ಮನೆಯವರು ಎದ್ದು ಹೋಗಬೇಕಾಗುತ್ತಿತ್ತು. ನಡುವಿನ ದಾರಿ ಎಂಬುದು ಇರಲೇ ಇಲ್ಲ.

ಸಂಜೆ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಾ ಎಲ್ಲ ಹೇಳಿಕೊಂಡಳು. ಅತ್ತೆ ಇನ್ನೊಂದು ಕಾಲನ್ನು ಮುಂದೆ ಚಾಚಿದರು. ಆಮೇಲೆ, "ಅವಳು ಎದ್ದು ಹೋದ್ರೆ ಶನಿವಾರ ನಾನು ಯಾರ ಜೊತೆ ಜಗಳ ಆಡ್ಲಿ? ನಿನ್ನ ಜೊತೆನಾ? ಮದುವೆಯಾಗಿ ಬಂದಾಗಿಂದ ನೋಡ್ತಿದೀನಿ, ಎದುರು ಮಾತೇ ಆಡಲ್ಲ ನೀನು. ಒಂಚೂರೂ ರುಚಿ ಇಲ್ಲ ಕಣೇ ನಿನ್ನ ಹತ್ರ ಜಗಳದಲ್ಲಿ," ಅಂದರು.

"ತಪ್ಪು ಮಾಡಿದೆ ಅಂತ ಎಲ್ಲರ ಮುಂದೆ ಹೇಳಬೇಕು ಅತ್ತೆ."

"ಹೇಳು. ಹೇಳಿ ಬಂದು ಊಟ ಮಾಡು. ಹಸಿವೇನೂ ಕಡಿಮೆಯಾಗಲ್ಲ."

ಮರುದಿನ ಅಕ್ಕ ಅಧಿಕಾರಿಯ ಮುಂದೆ ನಿಂತು, ಅಹವಾಲು ಸಭೆಯನ್ನು ಮೈದಾನದಲ್ಲೇ, ಹನ್ನೊಂದು ಗಂಟೆಗೇ ಇಡಬೇಕು ಎಂದಳು. ಬಳಸುವವರು ಬರಲಾಗದ ಹೊತ್ತಿನಲ್ಲಿ ಬಾಗಿಲು ತೆರೆದಿಟ್ಟು, ಯಾರೂ ಬರಲಿಲ್ಲ ಎಂದು ಬರೆಯುವುದು ಸರಿಯಲ್ಲ ಎಂದಳು. ಅವಳು ಇಷ್ಟುದ್ದ ಮಾತಾಡಿದ್ದನ್ನು ಆ ಕಚೇರಿ ಕೇಳಿಯೇ ಇರಲಿಲ್ಲ. ಅಧಿಕಾರಿಗೆ ನಗು ಬಂತು. "ಆರಡಿ ನಕ್ಷೆ ಮೇಡಂ. ಬಯಲಲ್ಲಿ ಅದನ್ನ ಎಲ್ಲಿ ತೂಗುಹಾಕ್ತೀರಿ?"

"ಅಲ್ಲಿ ಹಗ್ಗಕ್ಕೆ ಬರ ಇಲ್ಲ ಸರ್."

ಹೀಗೆ ಊರಿನ ಯೋಜನೆಯ ನಕ್ಷೆ ಆಸ್ಪತ್ರೆಯ ಹಾಸುಗಳ ಪಕ್ಕದಲ್ಲಿ ನೇತಾಡಿತು. ಅಜ್ಜಿಯೇ ಅದರ ಎರಡು ಮೂಲೆಗಳನ್ನು ಹಗ್ಗದ ಹೊಸೆತಕ್ಕೆ ಸಿಕ್ಕಿಸಿದಳು, ಒಂದು ಸುಕ್ಕೂ ಇಲ್ಲದ ಹಾಗೆ. ಒಣಹಾಕುವವರು ಹಾಸುಗಳ ನಡುವೆ ನಿಂತು, ಒಂದು ಕಣ್ಣು ನಕ್ಷೆಯ ಮೇಲೆ, ಇನ್ನೊಂದು ಕಣ್ಣು ಆಕಾಶದ ಮೇಲೆ ಇಟ್ಟು ಕೇಳಿದರು. ಅಧಿಕಾರಿ ಭಾಷಣ ಶುರುಮಾಡುವಷ್ಟರಲ್ಲಿ ಗಾಳಿಗೆ ಒಂದು ಒದ್ದೆ ಹಾಸು ಬಂದು ಮುಖಕ್ಕೆ ಬಡಿಯಿತು. ಎಲ್ಲರೂ ನಕ್ಕರು, ಒರೆಸಿಕೊಂಡು ಅವರೂ ನಕ್ಕರು. ಅಲ್ಲಿಂದ ಮುಂದೆ ಭಾಷಣ ಇರಲಿಲ್ಲ, ಮಾತುಕತೆ ಮಾತ್ರ.

ಆಸ್ಪತ್ರೆಯ ಮೇಲ್ವಿಚಾರಕ ಬಂದಿದ್ದ. ರೋಗಿಗಳ ಕಡೆಯವರಿಗೆ ಕಾರು ನಿಲ್ಲಿಸಲು ಜಾಗವಿಲ್ಲ, ದಿನಾ ಗೇಟಿನಲ್ಲಿ ಕೈಕೈ ಮಿಲಾಯಿಸುತ್ತಾರೆ ಎಂದು ಅಳಲು ತೋಡಿಕೊಂಡ. ಅವನ ಕಷ್ಟವೂ ಸುಳ್ಳಲ್ಲ. ಅಜ್ಜಿ ನಕ್ಷೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ನೋಡಿದಳು. "ಇದ್ರಲ್ಲಿ ಬಿಸಿಲು ಎಲ್ಲಿ ಬರೆದಿದೀರಿ ಸ್ವಾಮಿ?" ಯಾರೂ ಬರೆದಿರಲಿಲ್ಲ. ಹಿಂದಿನ ಸಾಲಿನಲ್ಲಿ ಸಮವಸ್ತ್ರ ಹಿಂಡುತ್ತಿದ್ದ ಹೆಂಗಸೊಬ್ಬಳು, "ಈ ಹಿಂದಿನ ಸಂದೀಲಿ ನೀರಿನ ಟ್ಯಾಂಕರೇ ತಿರುಗಲ್ಲ, ಅಷ್ಟು ಕಾರು ಹೆಂಗೆ ಬರುತ್ತೆ? ಮುಂದುಗಡೆ ಗೇಟ್ ಪಕ್ಕ ಹಳೇ ಕಲ್ಲಿದ್ದಲು ಗೋದಾಮಿದೆಯಲ್ಲ, ಬೀಗ ಹಾಕಿ ಎಷ್ಟು ವರ್ಷ ಆಯ್ತು?" ಅಂದಳು. ಮೇಲ್ವಿಚಾರಕ ತಲೆ ಕೆರೆದುಕೊಂಡ. "ಗೋದಾಮು ನಮ್ಮದೇ. ನಮ್ಮನ್ನ ಯಾರೂ ಕೇಳ್ಲೇ ಇಲ್ಲ."

ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಪೆನ್ನು ನಿಲ್ಲಿಸಿದರು. "ನೀವು ಹೇಳೋದೆಲ್ಲ ಸರಿ. ಆದ್ರೆ ಇದು ನಗರಸಭೆ ಜಾಗ, ನಿಮ್ಮ ಕೈಲಿ ಕಾಗದ ಇಲ್ಲ. ನಮ್ಮ ದಾಖಲೇಲಿ ಖಾಲಿ ಅಂತಿದೆ. ಮೇಲಿನೋರು ನೋಡೋದು ದಾಖಲೆ, ಹಗ್ಗ ಅಲ್ಲ." ಹೇಳಿ ಅಕ್ಕನ ಕಡೆ ಒಮ್ಮೆ ನೋಡಿದರು. ಆ ಒಂದು ಸಾಲು ಸೇರಿಸಿ ಮುಗಿಸಿಬಿಡಿ ಎನ್ನುವ ನೋಟ ಅದು.

ಅಕ್ಕ ಎದ್ದಳು. ಕೈಯಲ್ಲಿ ಸರ್ವೆ ಪುಸ್ತಕವಿತ್ತು.

"ದಾಖಲೆ ತಪ್ಪು," ಅಂದಳು. "ಬರೆದಿದ್ದು ನಾನು. ಮೂರು ಸಲ ಬರೆದೆ, ಮೂರು ಸಲವೂ ತಪ್ಪು ಬರೆದೆ. ನಾನು ಬರ್ತಿದ್ದದ್ದು ನಾಲ್ಕು ಗಂಟೆಗೆ. ಇವರು ಅಷ್ಟೊತ್ತಿಗೆ ಗುಡಿಸಿ ಮನೆಗೆ ಹೋಗಿರ್ತಾರೆ. ಬೆಳಗ್ಗೆ ಒಂದು ದಿನ ಬಂದಿದ್ರೆ ಕಾಣ್ತಿತ್ತು. ಬರಲಿಲ್ಲ. ಇದು ಹೊಸ ಬಳಕೆ ಅಲ್ಲ ಸರ್, ಇಪ್ಪತ್ತು ವರ್ಷದಿಂದ ನನ್ನ ಮನೆ ಬಟ್ಟೇನೂ ಇಲ್ಲೇ ಒಣಗಿದೆ."

ಸರ್ವೆ ಪುಸ್ತಕ ತೆರೆದು, "ಬಳಕೆ ಇಲ್ಲ" ಎಂಬುದರ ಮೇಲೆ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದಳು. ಗೆರೆಯ ಕೆಳಗೆ ಆ ಪದಗಳನ್ನು ಇನ್ನೂ ಓದಬಹುದಾಗಿತ್ತು. ಹಾಗಿರಲಿ ಎಂದೇ ತೆಳ್ಳಗೆ ಎಳೆದಿದ್ದಳು. ಪಕ್ಕದಲ್ಲಿ "ಬಟ್ಟೆ ಒಣಹಾಕುವ ಮೈದಾನ, ಹದಿನೆಂಟು ಮನೆ, ಪ್ರತಿದಿನ" ಎಂದು ಬರೆದು, ಸಹಿ ಹಾಕಿ, ಗಡಿಯಾರ ನೋಡಿ ಗಂಟೆಯನ್ನೂ ಬರೆದಳು. ಮೂವತ್ತೈದು ವರ್ಷದಲ್ಲಿ ಅವಳ ಕೈ ತಿದ್ದಿದ ಮೊದಲ ಬರಹ ಅದು. ಗಾಳಿಗೆ ಪುಟ ಅಲುಗಿ ಗೆರೆ ಸ್ವಲ್ಪ ಸೊಟ್ಟಗಾಗಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೋಡ ಬಂದಿತ್ತು, ಎಲ್ಲರೂ ಬಟ್ಟೆ ಎತ್ತಲು ಓಡಿದರು. ಅಕ್ಕನೂ ಓಡಿದಳು, ಅವಳ ಹಿಂದೆ ಅಧಿಕಾರಿಯೂ ಎರಡು ಹಾಸು ಹೆಗಲ ಮೇಲೆ ಹಾಕಿಕೊಂಡು ಓಡಿದರು.

ನಾಲ್ಕು ತಿಂಗಳ ಮೇಲೆ ಆದೇಶ ಬಂತು. ಕಾರಿನ ಕಟ್ಟಡ ಗೋದಾಮಿನ ಜಾಗಕ್ಕೆ, ಮೈದಾನ ಇದ್ದ ಹಾಗೇ ಬಟ್ಟೆ ಒಣಹಾಕುವವರಿಗೆ. ಅದೇ ಅಂಚೆಯಲ್ಲಿ ಅಕ್ಕನಿಗೂ ಒಂದು ಕಾಗದ: ಕರ್ತವ್ಯದಲ್ಲಿ ಲೋಪ, ಇನ್ನು ಮುಂದೆ ಎಚ್ಚರಿಕೆಯಿಂದಿರತಕ್ಕದ್ದು. ಇನ್ನು ಮುಂದೆ ಅಂದರೆ ಹನ್ನೊಂದು ದಿನ! ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ, "ಅಕ್ಷರ ಚೆನ್ನಾಗಿದೆ, ವಿಷಯ ಪರವಾಗಿಲ್ಲ," ಎಂದು ಮಡಿಸಿ ತಮ್ಮ ದಿಂಬಿನಡಿ ಇಟ್ಟುಕೊಂಡರು. ಅಧಿಕಾರಿ ಸರ್ವೆ ನಮೂನೆಯಲ್ಲಿ "ನೋಡಿದ ಗಂಟೆ" ಎಂದು ಒಂದು ಹೊಸ ಕಾಲಂ ಸೇರಿಸಿದರು. ಪ್ರತಿ ಜಾಗವನ್ನೂ ಬೇರೆ ಬೇರೆ ಹೊತ್ತಿನಲ್ಲಿ ಎರಡು ಸಲ ನೋಡಬೇಕೆಂದೂ, ಅಲ್ಲಿರುವವರನ್ನು ಕೇಳದೆ ಯಾವುದನ್ನೂ ಬಿಳಿ ಬಿಡಬಾರದೆಂದೂ ಬರೆದರು.

ಕೊನೆಯ ದಿನ ಅಕ್ಕ ಮೇಜಿನ ಖಾನೆ ಖಾಲಿ ಮಾಡಿ, ಪೆನ್ನು ಒರೆಸುವ ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು, ಮೈದಾನದ ದಾರಿ ಹಿಡಿದು ಮನೆಗೆ ಹೊರಟಳು. ನಾಲ್ಕು ಗಂಟೆ ದಾಟಿತ್ತು. ಗುಡಿಸಿ ನೀರು ಚಿಮುಕಿಸಿದ ನೆಲ ಎಂದಿನಂತೆ ಬೋಳಾಗಿತ್ತು. ಆದರೆ ನಟ್ಟನಡುವೆ ಎರಡು ಕಂಬ ಹಾಗೇ ನಿಂತಿದ್ದವು, ಅವುಗಳ ನಡುವೆ ಒಂದೇ ಒಂದು ಹಗ್ಗ. ಹಗ್ಗದ ಮೇಲೆ ಒಂದು ಹರಕು ಟವೆಲ್ಲು. ಅಜ್ಜಿ ಪಕ್ಕದಲ್ಲಿ ಕೂತು ಹೊಸ ಹಗ್ಗ ಹೊಸೆಯುತ್ತಿದ್ದಳು.

"ಇದನ್ನ ಬಿಚ್ಚೋದು ಮರೆತ್ರಾ ಅಜ್ಜಿ? ಇಬ್ಬನಿ ಬಿದ್ರೆ ಹಾಳಾಗುತ್ತಲ್ಲ."

"ಹಾಳಾಗ್ಲಿ. ಒಂದು ಹಗ್ಗ ಹಾಳಾದ್ರೆ ಇನ್ನೊಂದು ಹೊಸೀತೀನಿ. ಯಾರಾದ್ರೂ ಈ ಹೊತ್ತಲ್ಲಿ ನೋಡೋಕೆ ಬಂದ್ರೆ?"

"ನಾನು ಬರೆದಿದೀನಲ್ಲ. ಇನ್ನು ಹಾಗಾಗಲ್ಲ."

"ಬರೆದೋರು ನೀವು," ಅಂದಳು ಅಜ್ಜಿ, ಹೊಸೆಯುವುದನ್ನು ನಿಲ್ಲಿಸದೆ. "ಮುಂದಿನ ಸಲ ಬರೋರು ನೀವಲ್ಲವಲ್ಲ ಅಕ್ಕಾ."

ಅದು ಸಿಟ್ಟಿನ ಮಾತಾಗಿರಲಿಲ್ಲ, ಮುನಿಸೂ ಇರಲಿಲ್ಲ. ಇರುವುದನ್ನು ಇರುವ ಹಾಗೆ ಹೇಳಿದ್ದಳು, ಅಷ್ಟೇ. ಅಕ್ಕ ಚೀಲದಿಂದ ಬಣ್ಣದ ಬಟ್ಟೆ ತೆಗೆದಳು. ಹರಕು ಟವೆಲ್ಲಿನ ಪಕ್ಕದಲ್ಲಿ, ಅಜ್ಜಿ ಮಾಡುವ ಹಾಗೆ, ಹಗ್ಗದ ಹೊಸೆತವನ್ನು ಹೆಬ್ಬೆರಳಿನಿಂದ ಬಿಡಿಸಿ ಅದರ ಮೂಲೆಯನ್ನು ಸಿಕ್ಕಿಸಲು ನೋಡಿದಳು. ಹೊಸೆತ ಬಿಗಿಯಾಗಿತ್ತು, ಬೆರಳು ಒಳಗೆ ಹೋಗಲಿಲ್ಲ.

ಅಜ್ಜಿ ಎದ್ದು ಬಂದು ಬಟ್ಟೆಯನ್ನು ಅವಳ ಕೈಯಿಂದ ಕಿತ್ತುಕೊಂಡು, ಹಿಂದೆ ಮುಂದೆ ತಿರುಗಿಸಿ ಮೂಗು ಮುರಿದಳು. "ಇಂಥ ಕೊಳಕು ಬಟ್ಟೆ ನನ್ನ ಹಗ್ಗದ ಮೇಲಾ? ಈ ಕಲೆ ಏಳು ಸಲ ಒಗೆದ್ರೂ ಹೋಗಲ್ಲ."

"ಹೋಗಬಾರದು ಅಜ್ಜಿ," ಅಂದಳು ಅಕ್ಕ.

ಅಜ್ಜಿ ಬಟ್ಟೆಯನ್ನು ಅವಳಿಗೇ ಮರಳಿ ಕೊಟ್ಟಳು. ಆಮೇಲೆ ಅಕ್ಕನ ಹೆಬ್ಬೆರಳನ್ನು ಹಿಡಿದು, ಹಗ್ಗದ ಮೇಲಿಟ್ಟು, ಎಲ್ಲಿ ಒತ್ತಿದರೆ ಹೊಸೆತ ಬಿಡುತ್ತದೆ ಎಂದು ತೋರಿಸಿಕೊಟ್ಟಳು.